ಡೆಸ್ಮಾಯ್ಡ್ ಗಡ್ಡೆಗೆ ಕೊಡುವ ಮಾತ್ರೆ: ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಮಾತ್ರೆ ಬಗ್ಗೆ ಜಾಸ್ತಿ ಜನ ಕೇಳುತ್ತಿದ್ದೀರಿ, ಒಟ್ಟಿಗೆ ಬರೆಯುತ್ತೇನೆ.

ಡೆಸ್ಮಾಯ್ಡ್ ಗಡ್ಡೆ ಬೇರೆ ಅಂಗಕ್ಕೆ ಹರಡುವುದಿಲ್ಲ, ಆದರೆ ಇದ್ದ ಜಾಗದಲ್ಲೇ ಸ್ನಾಯು, ನರದ ಸುತ್ತ ನುಗ್ಗುತ್ತದೆ. ಕೆಲವು ತಾನಾಗೇ ಕುಗ್ಗುವುದೂ ಉಂಟು. ಅದಕ್ಕೇ ಡಾಕ್ಟರು ಮೊದಲು ಎಂಆರ್‌ಐ ಮಾಡಿಸುತ್ತಾ ಕಾದು ನೋಡೋಣ ಅನ್ನುತ್ತಾರೆ, ಏನೂ ಮಾಡದೆ ಸುಮ್ನೆ ಕಳಿಸಿದರು ಅಂತ ಬೇಜಾರು ಬೇಡ.

ಬೆಳೆಯುತ್ತಿದ್ದರೆ, ನೋವು ತಡೆಯಲಾಗದಿದ್ದರೆ ಮಾತ್ರೆ. ಸೊರಾಫೆನಿಬ್ ಎಂಬ ಮಾತ್ರೆ ಬಗ್ಗೆ 2018ರಲ್ಲಿ ಬಂದ 87 ಜನರ ಅಧ್ಯಯನದಲ್ಲಿ ಎರಡು ವರ್ಷ ಕಳೆದರೂ ರೋಗ ಮುಂದುವರಿಯದವರು ಶೇ 81, ಔಷಧವಿಲ್ಲದ ಮಾತ್ರೆ ತಗೊಂಡವರಲ್ಲಿ ಶೇ 36. ಇದೇ ಗಡ್ಡೆಗೆ ಕೊಡುವ ಇನ್ನೊಂದು ಮಾತ್ರೆ ನಿರೋಗಸೆಸ್ಟಾಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರ ನವೆಂಬರ್‌ನಲ್ಲಿ.

ಸೊರಾಫೆನಿಬ್ ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆ ಬಿಟ್ಟು. ಬಿಪಿ ಏರಬಹುದು, ನೋಡಿಸುತ್ತಿರಿ. ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತದೆ, ಒತ್ತುವ ಕಡೆ ಚರ್ಮ ದಪ್ಪಗಾಗಿ ಬೊಬ್ಬೆ ಬರುತ್ತದೆ. ಈಗ ಕಾಫಿ ಕುಯ್ಲು ಬೇರೆ ಹತ್ತಿರ ಬಂತಲ್ವಾ, ಇಡೀ ದಿನ ಗಿಡ ಎಳೆದು, ಕತ್ತಿ ಹಿಡಿದು, ಬಿಗಿ ಗಂಬೂಟಿನಲ್ಲಿ ತೋಟದ ಏರು ಹತ್ತಿದರೆ ಅದು ಇನ್ನೂ ಕೆರಳುತ್ತದೆ. ಮೆತ್ತನೆ ಚಪ್ಪಲಿ, ಯೂರಿಯಾ ಕ್ರೀಮು. (ಗೊಬ್ಬರದ ಯೂರಿಯಾ ಅಲ್ಲ ಮಾರಾಯ್ರೇ, ಮೆಡಿಕಲ್‌ನಲ್ಲಿ ಕೇಳಿ!) ಬೊಬ್ಬೆ ಬಂದರೆ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಇಳಿಸಿ ಕೊಡುತ್ತಾರೆ, ನೀವಾಗಿ ನಿಲ್ಲಿಸಬೇಡಿ.

ಮೆಥೋಟ್ರೆಕ್ಸೇಟ್ ಅನ್ನುವ ಮಾತ್ರೆ ಬರೆದುಕೊಟ್ಟಿದ್ದರೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರು, ಮಗು ಬೇಕೆನ್ನುವವರು ಮೊದಲೇ ಡಾಕ್ಟರ ಹತ್ತಿರ ಬಿಚ್ಚಿ ಹೇಳಿ.

ಮೈಸೂರಿಗೋ ಮಂಗಳೂರಿಗೋ ತೋರಿಸಲು ಹೋಗುವವರು ಹಳೇ ಎಂಆರ್‌ಐ ಸಿಡಿ ಮರೆಯದೆ ತಗೊಂಡು ಹೋಗಿ, ಹೋಲಿಸಿ ನೋಡಲು ಬೇಕಾಗುತ್ತದೆ.