ಹದ ಇರುವಷ್ಟು ದಿನ

ಪ್ರೀತಿಯ ಅಣ್ಣನಿಗೆ,

ಅತ್ತಿಗೆಯ ಖಿನ್ನತೆಯ ಬಗ್ಗೆ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. "ಆ ಕೆಟಮೈನ್ ಇಂಜೆಕ್ಷನ್ ಕೊಡಿಸಿದ್ರೆ ಇವಳು ಮೊದಲಿನ ಹಾಗೆ ಆಗ್ತಾಳಾ?" ಅಂತ ಕೇಳಿದ್ದೀಯ. ಕೊನೆಯಲ್ಲಿ ನಿನ್ನ ದನಿ ನಡುಗಿದ್ದು ಗೊತ್ತಾಯಿತು. ಫೋನಿನಲ್ಲಿ ಹೇಳಲು ಹೋದರೆ ನಾನೂ ಅತ್ತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ಅತ್ತಿಗೆಗೂ ಕೊಡು. ಅವರನ್ನು ಬಿಟ್ಟು ನಾವಿಬ್ಬರೇ ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಕೆಟಮೈನ್ ನನಗೆ ಆಪರೇಶನ್ ಥಿಯೇಟರ್ ಕಾಲದಿಂದಲೂ ಗೊತ್ತು. 1962ರಲ್ಲಿ ಅಮೆರಿಕದಲ್ಲಿ ಮೊದಲು ತಯಾರಾಯಿತು. 1970ರಿಂದ ಅರಿವಳಿಕೆಗೆ ಬಳಸುತ್ತಿದ್ದಾರೆ. ಉಸಿರಾಟವನ್ನು ಅಷ್ಟಾಗಿ ತಗ್ಗಿಸುವುದಿಲ್ಲ ಅನ್ನುವ ಕಾರಣಕ್ಕೆ ಹೆಚ್ಚು ಸೌಕರ್ಯ ಇಲ್ಲದ ಕಡೆಯೂ ಅದು ಎಷ್ಟೋ ಜೀವ ಉಳಿಸಿದೆ. ಮನಸ್ಸಿನ ಕಾಯಿಲೆಗೆ ಬಂದದ್ದು ತಡವಾಗಿ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬೆರಳೆಣಿಕೆಯ ರೋಗಿಗಳಿಗೆ ಸಣ್ಣ ಡೋಸ್ ಕೊಟ್ಟು ನೋಡಿದರು. ಮೂರು ದಿನದೊಳಗೆ ಖಿನ್ನತೆ ಇಳಿಯಿತು. ಮಾಮೂಲಿ ಮಾತ್ರೆಗಳಿಗೆ ವಾರಗಟ್ಟಲೆ ಬೇಕಲ್ವಾ? ಇದಕ್ಕೆ ಇಷ್ಟೊಂದು ಹೆಸರು ಬಂದದ್ದು ಅದಕ್ಕೇ.

ಈಗ ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಮೊದಲ ದಿನವೇ ಕೆಟಮೈನ್ ಕೊಡುವುದಿಲ್ಲ. ಥೆರಪಿಸ್ಟ್ ಜೊತೆ ಎರಡು ಮೂರು ಸಲ ಕೂತು ಮಾತಾಡಬೇಕು. ಬಿಪಿ, ಹೃದಯ ಎಲ್ಲ ನೋಡುತ್ತೇವೆ. ಹಿಂದೆ ಯಾವತ್ತಾದರೂ ಇಲ್ಲದ ದನಿ ಕೇಳಿಸಿತ್ತಾ, ಯಾವುದಾದರೂ ಚಟ ಇತ್ತಾ ಅಂತ ಕೇಳುತ್ತೇವೆ. ಆಮೇಲೆ ಡ್ರಿಪ್. ತೂಕದ ಒಂದು ಕಿಲೋಗೆ ಅರ್ಧ ಮಿಲಿಗ್ರಾಂ, 40 ನಿಮಿಷದಲ್ಲಿ ನಿಧಾನಕ್ಕೆ. ಥಿಯೇಟರಿನಲ್ಲಿ ಕೊಡುವುದಕ್ಕೆ ಹೋಲಿಸಿದರೆ ತುಂಬ ಕಡಿಮೆ.

ಹೋದ ತಿಂಗಳು ಒಬ್ಬರು ಬಂದಿದ್ದರು. ಅಪ್ಪನ ವಯಸ್ಸಿನವರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಬಲಗೈ ಬೆರಳುಗಳು ಹೊದಿಕೆಯ ಅಂಚನ್ನು ಸುತ್ತುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಸುತ್ತುತ್ತಿದ್ದವು. ಅರ್ಧ ಡ್ರಿಪ್ ಆಗುವ ಹೊತ್ತಿಗೆ ಬೆರಳುಗಳು ಸುಮ್ಮನಾದವು. ನಾನು ತಟ್ಟನೆ ಮಾನಿಟರ್ ನೋಡಿದೆ. ನಾಡಿ, ಉಸಿರು ಸರಿಯಾಗಿಯೇ ಇತ್ತು. ಎಲ್ಲ ಮುಗಿದ ಮೇಲೆ ಪಟ್ಟಿ ತೆಗೆದು, "ನಾನು ಎಷ್ಟು ದಿನ ಇಲ್ಲಿದ್ದೆ?" ಅಂತ ಕೇಳಿದರು.

ಮಾರನೆಯ ದಿನ ಥೆರಪಿಸ್ಟ್ ಜೊತೆ ನಾನೂ ಕೂತಿದ್ದೆ. ಅವರು ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಎದುರಿನ ಖಾಲಿ ಕುರ್ಚಿ ತೋರಿಸಿದರು. "ನೋವು ಇತ್ತು. ಆದರೆ ಎದೆ ಮೇಲೆ ಕೂತಿರಲಿಲ್ಲ. ಅಲ್ಲಿ ಕೂತಿತ್ತು. ಅದನ್ನು ಸರಿಯಾಗಿ ನೋಡಕ್ಕಾಯಿತು" ಅಂದರು. ಹನ್ನೊಂದು ವರ್ಷದಿಂದ ಯಾರ ಹತ್ತಿರವೂ ಆಡದೇ ಇದ್ದ ಮಾತನ್ನು ಅವತ್ತು ಶುರು ಮಾಡಿದರು. ಏನು ಅಂತ ನಾನು ಬರೆಯಬಾರದು.

ಅಣ್ಣಾ, ನಿನಗೆ ಹೇಳಬೇಕಾದದ್ದು ಈ ಮಾರನೆಯ ದಿನದ ಬಗ್ಗೆ. ಕೆಟಮೈನ್ ಮಿದುಳಿನ ಗ್ಲುಟಮೇಟ್ ಅನ್ನುವ ರಾಸಾಯನಿಕದ ದಾರಿಯಲ್ಲಿ ಕೆಲಸ ಮಾಡುತ್ತದೆ. ಬಾಡಿದ ನರಕೋಶಗಳ ನಡುವೆ ಹೊಸ ಕೊಂಡಿಗಳು ಮೂಡುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಒಂದು ಡೋಸಿನ ಗುಣ ಕೆಲವು ದಿನ ಇರುತ್ತದೆ, ಹೆಚ್ಚೆಂದರೆ ಒಂದೆರಡು ವಾರ. ಆಮೇಲೆ ಇಳಿಯುತ್ತದೆ. ಮಳೆ ಬಿದ್ದ ಮಣ್ಣಿನ ಹದ ಹಾಗೇ. ಹದ ಇರುವಾಗಲೇ ಉಳಬೇಕು. ಆ ಉಳುಮೆಯೇ ಥೆರಪಿಸ್ಟ್ ಜೊತೆಗಿನ ಮಾತು.

ಮೊದಲು ನಾನಿದ್ದ ಇನ್ನೊಂದು ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿ ಮನೆಗೆ ಕಳಿಸುತ್ತಿದ್ದರು. ಅಷ್ಟೇ. ಒಬ್ಬ ಹುಡುಗಿ ವಾರ ಚೆನ್ನಾಗಿರುತ್ತಿದ್ದಳು, ಮತ್ತೆ ಕುಸಿಯುತ್ತಿದ್ದಳು, ಇನ್ನೂ ಬೇಗ ಡೇಟ್ ಕೊಡಿ ಅಂತ ಬರುತ್ತಿದ್ದಳು. ಆ ಒಂದು ವಾರದಲ್ಲಿ ನಿನಗೆ ಏನನ್ನಿಸಿತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ. ನಾನು ಅಲ್ಲಿಂದ ಬಿಟ್ಟು ಬಂದದ್ದು ಅದಕ್ಕೇ.

ಮಾತು ಸೇರಿದರೆ ಗುಣ ಎಷ್ಟು ಜಾಸ್ತಿ ಅನ್ನುವುದು ಅಧ್ಯಯನಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಕುಡಿತ ಬಿಡಲು ಹೊರಟ 96 ಜನರ ಮೇಲೆ ಬ್ರಿಟನ್ನಿನಲ್ಲಿ ಒಂದು ಅಧ್ಯಯನ ನಡೆದಿತ್ತು. 2022ರಲ್ಲಿ ಪ್ರಕಟವಾಯಿತು. ಕೆಟಮೈನ್ ಜೊತೆ ಥೆರಪಿಯೂ ಸಿಕ್ಕವರು ಎರಡೂ ಸಿಗದವರಿಗಿಂತ ಜಾಸ್ತಿ ದಿನ ಕುಡಿಯದೇ ಇದ್ದರು. ಸಣ್ಣ ಅಧ್ಯಯನ, ಕಾಯಿಲೆಯೂ ಬೇರೆ. ಆದರೂ ನಾನು ದಿನಾ ಕಣ್ಣಾರೆ ನೋಡುವುದಕ್ಕೆ ಅದು ಹೊಂದುತ್ತದೆ.

ತೊಂದರೆಗಳೂ ಇವೆ. ಡ್ರಿಪ್ ಹೊತ್ತಿನಲ್ಲಿ ಬಿಪಿ ಏರುತ್ತದೆ, ವಾಂತಿ ಬರಬಹುದು, ಕೆಲವರು ಹೆದರಿಬಿಡುತ್ತಾರೆ. ಏನೂ ಗುಣ ಕಾಣದೆ ನಿಲ್ಲಿಸಿದವರೂ ಇದ್ದಾರೆ. ಪದೇ ಪದೇ ಜಾಸ್ತಿ ತೆಗೆದುಕೊಂಡರೆ ಮೂತ್ರಕೋಶ ಹಾಳಾಗುತ್ತದೆ, ಚಟವೂ ಹಿಡಿಯುತ್ತದೆ. ಕೆಟಮೈನಿನದೇ ಇನ್ನೊಂದು ರೂಪವಾದ, ಮೂಗಿಗೆ ಹಾಕುವ ಎಸ್ಕೆಟಮೈನ್ ಸ್ಪ್ರೇಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಕನಿಷ್ಠ ಎರಡು ಗಂಟೆ ಆಸ್ಪತ್ರೆಯವರ ಕಣ್ಣೆದುರೇ ಇರಬೇಕು, ಅವತ್ತು ಗಾಡಿ ಓಡಿಸುವ ಹಾಗಿಲ್ಲ. ಯಾರಾದರೂ ಮನೆಗೇ ಕಳಿಸುತ್ತೇವೆ ಅಂದರೆ ದಯವಿಟ್ಟು ತರಿಸಬೇಡ. ನಟ ಮ್ಯಾಥ್ಯೂ ಪೆರ್ರಿ 2023ರಲ್ಲಿ ತೀರಿಕೊಂಡದ್ದಕ್ಕೆ ಮುಖ್ಯ ಕಾರಣ ನಿಗಾ ಇಲ್ಲದೆ ತೆಗೆದುಕೊಂಡ ಕೆಟಮೈನೇ.

ಈಗ ಅತ್ತಿಗೆಯ ವಿಷಯ. ಅವರು ತೆಗೆದುಕೊಳ್ಳುತ್ತಿರುವುದು ಮೊದಲನೆಯ ಮಾತ್ರೆ, ಅದೂ ಮೂರು ವಾರದಿಂದ ಅಲ್ವಾ? ಕೆಟಮೈನ್ ಮಾತು ಸಾಮಾನ್ಯವಾಗಿ ಬರುವುದು ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಡೋಸಿನಲ್ಲಿ, ಸಾಕಷ್ಟು ದಿನ ಕೊಟ್ಟೂ ಗುಣ ಕಾಣದಿದ್ದರೆ. ಹಾಗಾಗಿ ಈಗಲೇ ಬೇಡ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಾಯುವ ಮಾತು ಒಂದು ಸಲ ಬಂದರೂ ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು, ಬೆಳಗಾಗಲಿ ಅಂತ ಕಾಯಬೇಡ.

ಇನ್ನೊಂದು ಮಾತು. ಬೇಜಾರು ಮಾಡಿಕೊಳ್ಳಬೇಡ. ಡಾಕ್ಟರ್ ಅತ್ತಿಗೆಯನ್ನು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಕೊಡ್ತೀಯಂತೆ. ಅವರೇ ನನಗೆ ಮೆಸೇಜ್ ಮಾಡಿದ್ದರು, ನಿನಗೆ ಹೇಳಬಹುದು ಅಂತಲೂ ಅಂದಿದ್ದರು. ಪ್ರೀತಿಯಿಂದಲೇ ಹಾಗೆ ಮಾಡ್ತೀಯ ಅಂತ ಅವರಿಗೂ ಗೊತ್ತು. ಮುಂದಿನ ಸಲ ನೀನು ಹೊರಗೆ ಕೂತಿರು. ಕೌನ್ಸೆಲಿಂಗ್ "ಸುಮ್ನೆ ಮಾತು" ಅಂತ ನಿಲ್ಲಿಸಿದ್ದೀರಲ್ಲ, ಅದನ್ನು ಮತ್ತೆ ಶುರು ಮಾಡಿಸು.

ಭಾನುವಾರ ಫೋನ್ ಮಾಡುತ್ತೇನೆ. ಮೊದಲು ಅತ್ತಿಗೆಗೆ ಕೊಡು. ಅವರು ಏನೂ ಮಾತಾಡದಿದ್ದರೂ ಪರವಾಗಿಲ್ಲ, ಫೋನ್ ಇಸಕೊಳ್ಳಬೇಡ. ನಾನು ಲೈನಿನಲ್ಲೇ ಇರುತ್ತೇನೆ.

ನಿನ್ನ ತಂಗಿ