ನ್ಯುಮೋನಿಯಾ: ಮೊದಲ ಡೋಸ್ ತಡವಾಗುವುದೆಲ್ಲಿ?

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾದಿಂದ ಏದುಸಿರು ಬಿಡುತ್ತಿದ್ದ ನನ್ನ ಅತ್ತೆಯವರನ್ನು ಮಂಗಳೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದಾಗ, ನೋಂದಣಿ, ಎಕ್ಸ್‌ರೇ, ರಕ್ತಪರೀಕ್ಷೆ, ವಾರ್ಡಿನ ಹಾಸಿಗೆ ಎಂದು ಕಾದು ಮೊದಲ ಆ್ಯಂಟಿಬಯೋಟಿಕ್ ಸಿಗುವಷ್ಟರಲ್ಲಿ 5 ಗಂಟೆ ಕಳೆದಿತ್ತು. ವೈದ್ಯರಲ್ಲಾಗಲಿ ದಾದಿಯರಲ್ಲಾಗಲಿ ಉದಾಸೀನ ಕಾಣಲಿಲ್ಲ. ಚೀಟಿ ಹಿಡಿದು ಔಷಧದಂಗಡಿಯ ಸಾಲಿನಲ್ಲಿ ನಿಂತವನು ನಾನೇ. ರೋಗಿ ಬಾಗಿಲು ದಾಟಿದ ಕ್ಷಣದಿಂದ ಮೊದಲ ಡೋಸ್‌ವರೆಗಿನ ಪ್ರತಿ ಹಂತವನ್ನೂ ಗಡಿಯಾರ ನೋಡಿ ನಕ್ಷೆಯಾಗಿ ಬರೆದರೆ ವಿಳಂಬ ಹುಟ್ಟುವ ಜಾಗ ಆಸ್ಪತ್ರೆಗಳಿಗೇ ಕಾಣುತ್ತದೆ. ಉಸಿರಾಟ ನಿಮಿಷಕ್ಕೆ 30 ದಾಟಿದವರನ್ನು ದಾದಿಯರು ಬಾಗಿಲಲ್ಲೇ ಗುರುತಿಸುವುದು, ಮೊದಲ ಡೋಸನ್ನು ತುರ್ತು ವಿಭಾಗದಲ್ಲೇ ದಾಸ್ತಾನಿಡುವುದು ದೊಡ್ಡ ಖರ್ಚಿನ ಮಾತಲ್ಲ. ಆದರೆ ಅವಸರದಲ್ಲಿ ಕೆಮ್ಮಿದವರಿಗೆಲ್ಲ ಆ್ಯಂಟಿಬಯೋಟಿಕ್ ಕೊಡುವಂತಾಗಬಾರದು. ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳಿಗೆ 4 ಗಂಟೆಯೊಳಗೆ ಮೊದಲ ಡೋಸ್ ಕೊಡುವ ಗುರಿ ವಿಧಿಸಿದಾಗ ಇದೇ ಆಕ್ಷೇಪ ಎದ್ದು, ಬಳಿಕ ಅದನ್ನು 6ಕ್ಕೆ ಸಡಿಲಿಸಬೇಕಾಯಿತು.

– ಓದುಗ, ಕದ್ರಿ, ಮಂಗಳೂರು