ಹಕ್ಕಿಗೆ ‘ಎರಡು ಹನಿ’ ಎಂದರೆ ಎಷ್ಟು?

ಮಾನ್ಯ ಸಂಪಾದಕರೆ,

ಹಕ್ಕಿ ಮಾರುವ ಕೆಲವು ಅಂಗಡಿಗಳಲ್ಲಿ ಸಣ್ಣ ಪ್ಲಾಸ್ಟಿಕ್ ಶೀಶೆಗೆ ಬಗ್ಗಿಸಿದ ಔಷಧ ಕೊಡುತ್ತಾರೆ. ಮೇಲೆ ಚೀಟಿ ಇರುವುದಿಲ್ಲ. ‘ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ ಬಾಯಿಗೆ ಬಿಡಿ’ ಎನ್ನುವ ಬಾಯಿಮಾತಷ್ಟೇ. ಯಾವ ಔಷಧ, ಒಂದು ಎಂ.ಎಲ್‌ಗೆ ಎಷ್ಟು ಮಿಲಿಗ್ರಾಂ, ಎಷ್ಟು ತೂಕದ ಹಕ್ಕಿಗೆ ಎಂದು ಕೇಳಿದರೆ ಉತ್ತರವಿಲ್ಲ. ಹಕ್ಕಿ ಸತ್ತರೆ ‘ಕಾಯಿಲೆ ಜೋರಾಗಿತ್ತು’ ಅಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ. ಅಳತೆ ತಪ್ಪಿತೇ, ಕುಡಿಸಿದ ರೀತಿ ತಪ್ಪಿತೇ ಎಂದು ಯಾರೂ ಯೋಚಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ನಿಜಕ್ಕೂ ಬಜರಿಗಾರ್ ಎಂಬ ಸಣ್ಣ ಗಿಳಿಗಳು. ತೂಕ ಸುಮಾರು 35 ಗ್ರಾಂ. ಕೋಳಿ ಫಾರಂಗೆಂದು ಬರುವ 10 ಪರ್ಸೆಂಟ್ ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ನಲ್ಲಿ ಒಂದು ಎಂ.ಎಲ್‌ಗೆ 100 ಮಿಲಿಗ್ರಾಂ ಔಷಧವಿರುತ್ತದೆ. ವೈದ್ಯರು ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂದು ಬರೆದರೆ ಈ ಹಕ್ಕಿಗೆ ಬೇಕಾದದ್ದು ಅರ್ಧ ಮಿಲಿಗ್ರಾಂಗಿಂತ ಒಂದಿಷ್ಟು ಹೆಚ್ಚು, ಅಂದರೆ 0.005 ಎಂ.ಎಲ್. ಒಂದು ಹನಿಯ ಹತ್ತನೇ ಒಂದು ಪಾಲು. ಇಂಥದ್ದನ್ನು ನೇರವಾಗಿ ಎರಡು ಹನಿ ಬಿಟ್ಟರೆ ಹೊಟ್ಟೆಗೆ ಹೋಗುವುದು 10 ಮಿಲಿಗ್ರಾಂ, ಹತ್ತೊಂಬತ್ತು ಪಟ್ಟು. ಹಾಗಾಗಿ ಇಂಥ ಔಷಧವನ್ನು ತೆಳುಮಾಡಿಯೇ ಕೊಡಬೇಕು, ಆ ಕೆಲಸ ವೈದ್ಯರ ಬಳಿಯೇ ಆಗಲಿ. ಗಡಸಾದ ಬೋರ್‌ವೆಲ್ ನೀರು ಬೆರೆಸಿದರೆ ಈ ಔಷಧ ಕದಡಿ ತಳಕ್ಕೆ ಕೂರುತ್ತದೆ. ಹಾಲು, ಕ್ಯಾಲ್ಸಿಯಂ ಟಾನಿಕ್ ಜೊತೆ ಕೊಟ್ಟರೆ ಮೈಗೆ ಹತ್ತುವುದು ಕಡಿಮೆ.

ಇನ್ನು ಸಿರಿಂಜ್. ಮೆಡಿಕಲ್ ಸ್ಟೋರಿನಲ್ಲಿ ‘ಚಿಕ್ಕದು ಕೊಡಿ’ ಎಂದರೆ ಬಹಳ ಸಲ ಇನ್ಸುಲಿನ್ ಸಿರಿಂಜ್ ಕೈಗೆ ಬರುತ್ತದೆ. ಅದರ ಮೇಲಿನ ಗೆರೆಗಳು ಯೂನಿಟ್ ಲೆಕ್ಕದವು, ಎಂ.ಎಲ್ ಅಲ್ಲ. ಕೆಂಪು ಮುಚ್ಚಳದ್ದರಲ್ಲಿ 40 ಯೂನಿಟ್‌ಗೆ ಒಂದು ಎಂ.ಎಲ್, ಕಿತ್ತಳೆ ಮುಚ್ಚಳದ್ದರಲ್ಲಿ 100 ಯೂನಿಟ್‌ಗೆ ಒಂದು ಎಂ.ಎಲ್. ‘ಹತ್ತರ ಗೆರೆತನಕ ಎಳೆಯಿರಿ’ ಎಂದರೆ ಮೊದಲನೆಯದರಲ್ಲಿ 0.25 ಎಂ.ಎಲ್, ಎರಡನೆಯದರಲ್ಲಿ 0.1 ಎಂ.ಎಲ್. ಸಾಲದ್ದಕ್ಕೆ ಎಷ್ಟೋ ಇನ್ಸುಲಿನ್ ಸಿರಿಂಜ್‌ಗಳಲ್ಲಿ ಸೂಜಿ ಅಂಟಿಕೊಂಡೇ ಇರುತ್ತದೆ. ಕತ್ತರಿಸಿ ಬಳಸಿದರೆ ಉಳಿದ ತುದಿ ನಾಲಿಗೆ ಸೀಳುತ್ತದೆ. ಕೇಳಿ ತರಬೇಕಾದದ್ದು ಒಂದು ಎಂ.ಎಲ್‌ನ ಟ್ಯುಬರ್ಕ್ಯುಲಿನ್ ಸಿರಿಂಜ್. ಇದರಲ್ಲಿ 0.01 ಎಂ.ಎಲ್‌ಗೊಂದು ಗೆರೆ ಇರುತ್ತದೆ. ಸೂಜಿ ಬಿಚ್ಚಲು ಬರುವಂಥದ್ದನ್ನೇ ಆರಿಸಿ, ಬಿಚ್ಚಿ ಬದಿಗಿಡಿ. ಗಾಜಿನ ಡ್ರಾಪರ್ ಬೇಡವೇ ಬೇಡ, ಬಜರಿಗಾರ್‌ಗಿಂತ ದೊಡ್ಡದಾದ, ಜುಟ್ಟಿನ ಕಾಕ್‌ಟೀಲ್ ಗಿಳಿ ಕಚ್ಚಿದರೆ ಚೂರಾಗುತ್ತದೆ.

ಹಿಡಿಯುವ ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಔಷಧದ ಶೀಶೆ ಚೆನ್ನಾಗಿ ಕುಲುಕಿ, ಅಳತೆ ಎಳೆದು ಪಕ್ಕದಲ್ಲಿಟ್ಟುಕೊಳ್ಳಿ. ಹಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು ಮುಚ್ಚಳ ತಿರುಗಿಸುತ್ತ ಕೂರುವಂತಾಗಬಾರದು. ಕ್ರಾಪ್ ಎನ್ನುವ ಕಾಳಿನ ಚೀಲ ತುಂಬಿದ್ದಾಗ ಕುಡಿಸಿದರೆ ಕಕ್ಕುತ್ತದೆ. ಊಟಕ್ಕೆ ಮುಂಚೆಯೇ ಕೊಡಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಬಜರಿಗಾರ್‌ನ ಬೆನ್ನು ನಿಮ್ಮ ಎಡ ಅಂಗೈಗೆ ಒರಗಿರಲಿ. ಕುತ್ತಿಗೆ ತೋರುಬೆರಳು ಮತ್ತು ನಡುಬೆರಳಿನ ನಡುವೆ ಬರಲಿ, ಉಳಿದ ಬೆರಳುಗಳು ಮೈಯನ್ನು ಸಡಿಲವಾಗಿ ಬಳಸಿರಲಿ. ಹಕ್ಕಿಗೆ ನಮಗಿರುವಂತೆ ವಪೆ (ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಇಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಉಸಿರು. ಓಡಿಹೋದೀತು ಎಂಬ ಭಯದಲ್ಲಿ ಎದೆಯನ್ನು ಒತ್ತಿದರೆ ಮೂಗು, ಬಾಯಿ ತೆರೆದಿದ್ದರೂ ಉಸಿರುಗಟ್ಟಿ ಸಾಯುತ್ತದೆ. ಕಾಕ್‌ಟೀಲ್, ಅದಕ್ಕಿಂತ ದೊಡ್ಡದಾದರೆ ಒಂದು ತೆಳು ಟವೆಲ್‌ನಲ್ಲಿ ರೆಕ್ಕೆಗಳನ್ನು ಸೇರಿಸಿ ಸುತ್ತಿಕೊಳ್ಳಿ, ಎದೆಯ ಮೇಲೆ ಬಿಗಿ ಬೇಡ.

ಕೊಕ್ಕು ನಿಮ್ಮ ಕಡೆ ತಿರುಗಿರಲಿ, ತಲೆ ನೆಟ್ಟಗಿರಲಿ. ತಲೆ ಹಿಂದಕ್ಕೆ ಬಾಗಿಸಿ ಮಗುವಿಗೆ ಒಳಲೆಯಲ್ಲಿ ಹಾಕಿದಂತೆ ಹಾಕುವುದು ನಮ್ಮಲ್ಲಿ ಮಾಮೂಲಿ ತಪ್ಪು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿ ನಟ್ಟನಡುವೆ ಇರುತ್ತದೆ, ನಮಗಿರುವಂಥ ಮುಚ್ಚಳವೂ ಅದಕ್ಕಿಲ್ಲ. ನಡುವೆ ಸುರಿದದ್ದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಅನ್ನನಾಳ ಇಳಿಯುವುದು ಹಕ್ಕಿಯ ಕುತ್ತಿಗೆಯ ಬಲಬದಿಯಲ್ಲಿ. ಆದ್ದರಿಂದ ಸಿರಿಂಜಿನ ತುದಿ ಹಕ್ಕಿಯ ಕೊಕ್ಕಿನ ಎಡ ಮೂಲೆಯಿಂದ ಒಳಹೋಗಿ ಅದರ ಬಲಕ್ಕೆ ಮುಖ ಮಾಡಿರಬೇಕು. ಹಕ್ಕಿಯ ಎಡ ಎಂದರೆ ಎದುರಿಗೆ ಕೂತ ನಿಮ್ಮ ಬಲ, ಹಾಗಾಗಿ ಬಲಗೈಯಲ್ಲಿ ಸಿರಿಂಜ್ ಹಿಡಿದರೆ ಸಲೀಸು. ಆಳಕ್ಕೆ ತೂರಿಸುವುದೇನೂ ಬೇಡ. ಮೂಲೆಗೆ ಮುಟ್ಟಿಸಿದರೆ ಕೊಕ್ಕು ತಾನಾಗಿ ಬಿಚ್ಚುತ್ತದೆ. ಒಂದು ಹನಿ ಬಿಡಿ, ನಿಲ್ಲಿಸಿ. ನಾಲಿಗೆ ಎರಡು ಮೂರು ಸಲ ಆಡಿ ನುಂಗುವುದು ಕಾಣುತ್ತದೆ. ಅದನ್ನು ನೋಡಿದ ಮೇಲೇ ಮುಂದಿನ ಹನಿ. ಒತ್ತಿದ ರಭಸಕ್ಕೆ 0.3 ಎಂ.ಎಲ್ ಒಮ್ಮೆಲೇ ಚಿಮ್ಮಿದರೆ 35 ಗ್ರಾಂ ಜೀವಕ್ಕೆ ಅದು ದೊಡ್ಡ ಗುಟುಕು.

ಮಧ್ಯೆ ಕೆಮ್ಮಿದರೆ, ತಲೆ ಕೊಡವಿದರೆ ಅಲ್ಲಿಗೇ ನಿಲ್ಲಿಸಿ, ಹಿಡಿತ ಬಿಟ್ಟು ಸರಳಿನ ಮೇಲೆ ಕೂರಲು ಬಿಡಿ. ತಲೆಕೆಳಗೆ ಹಿಡಿದು ಝಾಡಿಸುವುದು ಬೇಡ. ಮೂಗಿನ ತೂತಿನಲ್ಲಿ ಗುಳ್ಳೆ, ಬಾಯಿ ತೆರೆದ ಉಸಿರು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು ಕಂಡರೆ ಔಷಧ ದಾರಿ ತಪ್ಪಿದೆ ಎಂದೇ ಅರ್ಥ. ಕೂಡಲೇ ವೈದ್ಯರ ಬಳಿ ಒಯ್ಯಬೇಕು. ಚೆಲ್ಲಿದ್ದನ್ನು ಅಂದಾಜಿನಲ್ಲಿ ಮತ್ತೆ ಹಾಕಬೇಡಿ, ಎಷ್ಟು ಒಳಹೋಗಿದೆಯೋ ಯಾರಿಗೆ ಗೊತ್ತು? ಗರಿಗಂಟಿದ್ದನ್ನು ಒದ್ದೆ ಹತ್ತಿಯಿಂದ ಒರೆಸಿ.

‘ಕುಡಿಯುವ ನೀರಿಗೆ ಬೆರೆಸಿಬಿಡಿ’ ಎನ್ನುವುದು ಸುಲಭ. ಬಜರಿಗಾರ್ ಆಸ್ಟ್ರೇಲಿಯಾದ ಒಣನಾಡಿನ ಹಕ್ಕಿ, ಮೊದಲೇ ನೀರು ಕುಡಿಯುವುದು ಕಡಿಮೆ. ಕಹಿ ನೀರನ್ನಂತೂ ಮೂಸಿ ಬಿಡುತ್ತದೆ. ಸೊರಗಿದ ಹಕ್ಕಿಗೆ ಔಷಧವೂ ಇಲ್ಲ, ನೀರೂ ಇಲ್ಲ ಎಂದಾಗುತ್ತದೆ. ಅದಕ್ಕಿಂತ, ಹಕ್ಕಿ ಹುಷಾರಾಗಿರುವಾಗಲೇ ಖಾಲಿ ಸಿರಿಂಜಿನ ತುದಿಗೆ ಸೇಬಿನ ರಸ ಸವರಿ ನೆಕ್ಕಿಸುವ ರೂಢಿ ಮಾಡಿಸಿ. ಕಾಕ್‌ಟೀಲ್‌ಗಳು ಇದನ್ನು ಬೇಗ ಕಲಿಯುತ್ತವೆ, ಟವೆಲ್ಲೇ ಬೇಕಾಗುವುದಿಲ್ಲ. ಒಂದು ಗ್ರಾಂ ತೋರಿಸುವ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಅಳತೆ ನಿರ್ಧಾರವಾಗುವುದೂ, ಔಷಧ ಹಿಡಿಯುತ್ತಿದೆಯೇ ಎಂದು ತಿಳಿಯುವುದೂ ಅದರಿಂದಲೇ.

ಪ್ರಾಣಿಗಳ ಔಷಧಕ್ಕೂ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಅನ್ವಯಿಸುತ್ತದೆ, ಪರವಾನಗಿ ಇಲ್ಲದೆ ಮಾರುವಂತಿಲ್ಲ. ಚೀಟಿಯಿಲ್ಲದ ಶೀಶೆಗಳ ಮೇಲೆ ಔಷಧ ನಿಯಂತ್ರಣ ಇಲಾಖೆಯವರು ಒಮ್ಮೆ ಕಣ್ಣು ಹಾಯಿಸಲಿ. ಪಶುವೈದ್ಯರು ಹನಿ ಲೆಕ್ಕ ಬಿಟ್ಟು ಎಂ.ಎಲ್‌ನಲ್ಲಿ ಬರೆದುಕೊಡಲಿ. ಮೆಡಿಕಲ್ ಸ್ಟೋರಿನವರು ಸಿರಿಂಜಿನ ಮೇಲೆ ಆ ಅಳತೆಯ ಗೆರೆಗೆ ಪೆನ್ನಿನಿಂದ ಒಂದು ಗುರುತು ಹಾಕಿ ಕೊಟ್ಟರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

— ಹಕ್ಕಿ ಸಾಕುವ ಓದುಗರು, ಬೆಂಗಳೂರು